ಎರಕದ ಅಚ್ಚಿಗೆ ಮೊದಲ ಲೇಪ

ತಂದೆಯ ಮುಖವನ್ನು ಮಗನಲ್ಲಿ ಕಂಡಾಗ ನಮ್ಮ ಹಿರಿಯರು "ಎರಕ ಹೊಯ್ದಂತಿದೆ" ಎನ್ನುವುದುಂಟು. ಕರಗಿದ ಲೋಹವನ್ನು ಅಚ್ಚಿನೊಳಗೆ ಸುರಿದರೆ ಸಾಕು, ಅಲ್ಲಿದ್ದ ರೂಪವು ರವೆಯಷ್ಟೂ ತಪ್ಪದೆ ಲೋಹದಲ್ಲಿ ಮೂಡುವುದೆಂಬ ನಂಬಿಕೆಯು ಈ ಮಾತಿನ ಹಿಂದೆ ಅಡಗಿರುವುದು. ಎರಕದ ಕೆಲಸ ನಡೆಯುವಲ್ಲಿ ಒಂದು ದಿನವನ್ನಾದರೂ ಕಳೆದವರು ಹೀಗೆ ನಂಬಲಾರರು. ಕರಗಿದ ಲೋಹವು ಬಲು ಒರಟು. ಎದುರಾದ ಮಣ್ಣನ್ನು ಕೊರೆಯುತ್ತದೆ, ಮರಳಿನ ಸಂದುಗಳೊಳಗೆ ನುಗ್ಗುತ್ತದೆ, ತೇವವಿದ್ದಲ್ಲಿ ಸಿಡಿಯುತ್ತದೆ. ಅಚ್ಚಿನಲ್ಲಿದ್ದ ಕಣ್ಣು, ಮೂಗು, ಅಕ್ಷರಗಳು ಲೋಹದಲ್ಲಿ ಉಳಿಯಬೇಕಾದರೆ ಅಚ್ಚಿಗೂ ಲೋಹಕ್ಕೂ ನಡುವೆ ಮತ್ತೊಂದು ವಸ್ತುವು ನಿಂತು ಕಾಯಬೇಕು. ಅದು ಉಗುರಿಗಿಂತಲೂ ತೆಳುವಾದ ಒಂದು ಲೇಪ. ಕೆಲಸವು ಮುಗಿದೊಡನೆ ಅದನ್ನು ಉಜ್ಜಿ ತೆಗೆದುಬಿಡುವುದರಿಂದ ನೋಡುವವರಿಗೆ ಅದರ ಗುರುತೂ ಸಿಕ್ಕುವುದಿಲ್ಲ. ನಮ್ಮ ನಾಡಿನ ಲೋಹಶಿಲ್ಪದ ಚರಿತ್ರೆಯನ್ನು ಬರೆಯುವವರು ಮೂರ್ತಿಯ ಎತ್ತರ, ಲೋಹದ ತೂಕ, ಮಾಡಿಸಿದ ದೊರೆಯ ಬಿರುದು ಇವುಗಳನ್ನು ವಿಸ್ತಾರವಾಗಿ ಹೇಳುವರು; ಲೇಪದ ಮಾತನ್ನು ಎತ್ತುವುದು ಅಪರೂಪ. ನಾನೂ ಎತ್ತಿದವನಲ್ಲ. ಎತ್ತಬೇಕಾಗಿ ಬಂದ ಸಂದರ್ಭವನ್ನು ಮುಂದೆ ನಿವೇದಿಸುವೆನು.

ಅರಸೀಕೆರೆಯಲ್ಲಿ ನೆಲಸಿದವನಿಗೆ ಶಿಲ್ಪವೆಂದರೆ ಮೊದಲು ಕಣ್ಣಿಗೆ ಬರುವುದು ಕಲ್ಲು. ನಮ್ಮೂರ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪವನ್ನು ನೋಡಿ, ಅಲ್ಲಿಂದ ಹಳೇಬೀಡಿಗೂ ಬೇಲೂರಿಗೂ ಹೋಗಿ ಬಂದವರಿಗೆ ಹೊಯ್ಸಳರ ಕಾಲದಲ್ಲಿ ಬೇರೆ ಯಾವ ಶಿಲ್ಪವೂ ಇರಲಿಲ್ಲವೇನೋ ಎನಿಸಿದರೆ ಆಶ್ಚರ್ಯವಲ್ಲ. ವಿಷ್ಣುವರ್ಧನನು ಶಕವರ್ಷ 1039ರಲ್ಲಿ, ಎಂದರೆ ಕ್ರಿ.ಶ. 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದನು. ಆ ಗುಡಿಯ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರುಗಳನ್ನು ಕೆತ್ತಿಟ್ಟಿರುವರು. ಮುಂದಿನ ಶತಮಾನದ ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ಮತ್ತೆ ಮತ್ತೆ ಕಾಣುವುದು. ಕಲ್ಲಿನ ಕೆಲಸದವನು ಉಳಿಯನ್ನು ಕೆಳಗಿಡುವ ಮೊದಲು ಅರೆಗಳಿಗೆ ನಿಂತು ತನ್ನ ಹೆಸರನ್ನು ಬರೆದರೆ ಅದು ಒಂಬೈನೂರು ವರ್ಷ ನಿಲ್ಲುವುದು.

ಆದರೆ ಗರ್ಭಗೃಹದ ಕಲ್ಲಿನ ದೇವರು ಬೀದಿಗೆ ಬರುವಂತಿಲ್ಲ. ರಥದ ದಿನ ಹೊರಡುವ ಉತ್ಸವಮೂರ್ತಿಯು ಲೋಹದ್ದಾಗಿರಬೇಕು. ಗಂಟೆ, ಜಾಗಟೆ, ದೀಪದ ಕಂಬ, ಮಂಗಳಾರತಿಯ ತಟ್ಟೆ ಎಲ್ಲವೂ ಲೋಹವೇ. ಎಷ್ಟು ಜನ ಕಂಚುಗಾರರು ಈ ಗುಡಿಗಳಿಗಾಗಿ ಕುಲುಮೆಯ ಮುಂದೆ ಬೆವರಿದ್ದರೋ! ನಾನು ಕಂಡ ಹಳೆಯ ಉತ್ಸವಮೂರ್ತಿಗಳಲ್ಲಿ ಕೊಟ್ಟವರ ಹೆಸರನ್ನು ಒಮ್ಮೊಮ್ಮೆ ಓದಿದ್ದೇನೆ. ಎರೆದವನ ಹೆಸರನ್ನು ಓದಿದ ನೆನಪಿಲ್ಲ.

ಹೆಸರು ಇಲ್ಲದಿದ್ದರೂ ಕೆಲಸದ ಕ್ರಮವು ನಮಗೆ ಉಳಿದುಬಂದಿದೆ. ಅದು ಉಳಿದುದು ಒಬ್ಬ ಅರಸನ ಗ್ರಂಥದಲ್ಲಿ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು, ಭೂಲೋಕಮಲ್ಲನೆಂದೂ ಸರ್ವಜ್ಞಚಕ್ರವರ್ತಿಯೆಂದೂ ಬಿರುದು ಪಡೆದವನು, ನಮ್ಮ ವಿಷ್ಣುವರ್ಧನನಿಗೆ ಹೆಸರಿಗಾದರೂ ಮೇಲರಸನಾಗಿದ್ದವನು, ಶಕ 1051ರ, ಎಂದರೆ ಕ್ರಿ.ಶ. 1129ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದಕ್ಕೆ 'ಅಭಿಲಷಿತಾರ್ಥಚಿಂತಾಮಣಿ' ಎಂಬ ಹೆಸರೂ ಉಂಟು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ಅಡುಗೆಯಿಂದ ಆನೆಯವರೆಗೆ, ಚಿತ್ರದಿಂದ ಸಂಗೀತದವರೆಗೆ ಅವನು ಬಿಟ್ಟ ವಿಷಯವಿಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಿಂದ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಇದರ ಮೊದಲ ಭಾಗವನ್ನು ಸಂಪಾದಿಸಿ ಪ್ರಕಟಿಸಿದರು; ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟ ಶಾಸ್ತ್ರಿಗಳೇ ಇವರು. ದೇವಪ್ರತಿಮೆಯನ್ನು ಎರೆಯುವ ವಿಧಾನಕ್ಕೆ ಸೋಮೇಶ್ವರನು ಸುಮಾರು ಇಪ್ಪತ್ತು ಶ್ಲೋಕಗಳನ್ನು ಮೀಸಲಿಟ್ಟಿರುವನು. 1936ರಲ್ಲಿ ಸರಸೀಕುಮಾರ ಸರಸ್ವತಿಯವರು ಕಲಕತ್ತೆಯ ಪತ್ರಿಕೆಯೊಂದರಲ್ಲಿ ಆ ಶ್ಲೋಕಗಳನ್ನು ಕುರಿತು ಬರೆದ ಮೇಲೆ ಶಿಲ್ಪಚರಿತ್ರೆಯವರೆಲ್ಲ ಅವುಗಳನ್ನು ಎತ್ತಿ ಹೇಳತೊಡಗಿದರು.

ಅರಸನು ಹೇಳುವ ಕ್ರಮವಿದು. ಮೊದಲು ಜೇನುಮೇಣದಲ್ಲಿ ಪ್ರತಿಮೆಯನ್ನು ಅಳತೆ ತಪ್ಪದಂತೆ ರೂಪಿಸಬೇಕು. ಬೆನ್ನಿಗೆ, ಹೆಗಲಿಗೆ, ಕತ್ತಿಗೆ ಅಥವಾ ಕಿರೀಟಕ್ಕೆ ಉಮ್ಮತ್ತಿಯ ಹೂವಿನಷ್ಟು ಉದ್ದದ ಮೇಣದ ನಾಳಗಳನ್ನು ಕೂಡಿಸಬೇಕು. ಆಮೇಲೆ ಮಣ್ಣು. ಸಂಸ್ಕರಿಸಿದ ಮಣ್ಣಿಗೆ ಸುಟ್ಟು ಕರಿಯಾದ ಹೊಟ್ಟನ್ನು ನುಣ್ಣಗೆ ಅರೆದು ಸೇರಿಸಬೇಕು. ನೂರು ಬಾರಿ ಕತ್ತರಿಸಿದ ಹತ್ತಿಯ ಚೂರುಗಳನ್ನೂ ಕೊಂಚ ಉಪ್ಪಿನ ಪುಡಿಯನ್ನೂ ಬೆರೆಸಬೇಕು. ಎಲ್ಲವನ್ನೂ ನುಣುಪಾದ ಕಲ್ಲಿನ ಮೇಲೆ ಅರೆಯಬೇಕು. ಇದನ್ನು ಮೂರು ಸಾರಿ ಬಳಿಯತಕ್ಕದ್ದು. ಮೊದಲನೆಯ ಲೇಪವನ್ನು ನೆರಳಿನಲ್ಲಿ ಒಣಗಿಸಿ, ಎರಡು ದಿನ ಕಳೆದ ಮೇಲೆ ಎರಡನೆಯದು. ಅದೂ ಒಣಗಿದ ಮೇಲೆ ಮೂರನೆಯದು, ದಪ್ಪವಾಗಿ. ನಾಳಗಳ ಬಾಯಿ ಮಾತ್ರ ತೆರೆದಿರಬೇಕು. ಅನಂತರ ಅಚ್ಚನ್ನು ಕಾಯಿಸಿ ಮೇಣವನ್ನು ಹೊರಕ್ಕೆ ಹರಿಸಿ, ತೆಂಗಿನಕಾಯಿಯಾಕಾರದ ಮೂಸೆಯಲ್ಲಿ ಲೋಹವನ್ನು ಕರಗಿಸಿ, ಇಕ್ಕಳದಲ್ಲಿ ಬಿಗಿಹಿಡಿದು, ನಾಳದ ಬಾಯಿಗೆ ಉರಿಯುವ ಬತ್ತಿಯನ್ನಿಟ್ಟು, ಧಾರೆ ಕಡಿಯದಂತೆ ಸುರಿಯಬೇಕು.

ಲೋಹದ ಲೆಕ್ಕವನ್ನೂ ಅವನು ಬಿಟ್ಟಿಲ್ಲ. ಮೇಣದ ತೂಕಕ್ಕೆ ಹಿತ್ತಾಳೆ ತಾಮ್ರಗಳು ಎಂಟು ಅಥವಾ ಹತ್ತು ಪಾಲು (ಇಲ್ಲಿ ಪಾಠಭೇದವುಂಟು), ಬೆಳ್ಳಿ ಹನ್ನೆರಡು ಪಾಲು, ಚಿನ್ನ ಹದಿನಾರು ಪಾಲು. ಇಂದಿನ ಭೌತಶಾಸ್ತ್ರದ ಲೆಕ್ಕದಿಂದ ನೋಡಿದರೆ ತಾಮ್ರವು ಮೇಣಕ್ಕಿಂತ ಒಂಬತ್ತು ಪಾಲಿಗೆ ಮೇಲೆ, ಬೆಳ್ಳಿಯು ಹನ್ನೊಂದು ಪಾಲಿನಷ್ಟು ಭಾರ. ನಾಳಗಳಲ್ಲಿ ಉಳಿಯುವುದನ್ನೂ ಸೇರಿಸಿದರೆ ಅರಸನ ಅಂಕಿಗಳು ಕೆಲಸಕ್ಕೆ ಒದಗುತ್ತವೆ. ಅಪರಂಜಿಯು ಇಪ್ಪತ್ತು ಪಾಲು ಭಾರವಾದುದರಿಂದ ಹದಿನಾರು ಸಾಲದು. ದೇವರ ಚಿನ್ನಕ್ಕೆ ಬೆರಕೆ ಕೂಡುತ್ತಿತ್ತೆಂದು ಅರಮನೆಯ ಲೆಕ್ಕದಲ್ಲಿಯೇ ಒಪ್ಪಿಕೊಂಡಂತಾಯಿತೋ ಏನೋ!

ಈಗ ನನ್ನ ತಪ್ಪಿನ ವಿಷಯ. ಮೊದಲ ಲೇಪಕ್ಕೆ ಸೋಮೇಶ್ವರನು ಕೊಟ್ಟ ವಿಶೇಷಣವು 'ಸ್ವಚ್ಛ' ಎಂಬ ಒಂದೇ ಮಾತು. ಪಾಠಶಾಲೆಯಲ್ಲಿ ಕೋಶವನ್ನು ಬಾಯಿಪಾಠ ಮಾಡಿ ಬಂದವನಾದರೂ ನಾನು ಅದನ್ನು ಕನ್ನಡದ ಕಿವಿಯಿಂದ ಕೇಳಿದೆನು. ಸ್ವಚ್ಛವೆಂದರೆ ನಮಗೆ ಚೊಕ್ಕಟ. ಕಲ್ಲು ಕಸವಿಲ್ಲದ ಚೊಕ್ಕ ಮಣ್ಣನ್ನು ಬಳಿಯಬೇಕೆಂದು ಅರ್ಥ ಹೇಳಿ ಮುಂದಿನ ಶ್ಲೋಕಕ್ಕೆ ಹೋಗಿಬಿಡುತ್ತಿದ್ದೆನು. ಸಂಸ್ಕೃತೋತ್ಸವಗಳಲ್ಲಿಯೂ ಸಾಹಿತ್ಯಗೋಷ್ಠಿಗಳಲ್ಲಿಯೂ "ನಮ್ಮ ಪೂರ್ವಿಕರ ಲೋಹವಿದ್ಯೆ" ಎಂಬ ನನ್ನ ಉಪನ್ಯಾಸಕ್ಕೆ ಚಪ್ಪಾಳೆಗಳೂ ಬೀಳುತ್ತಿದ್ದುವು. ಮೂವತ್ತು ವರ್ಷ ಹೀಗೆ ನಡೆಯಿತು. ಮಣ್ಣು ಸಂಸ್ಕೃತವಾಗಿರಬೇಕೆಂದು ಹಿಂದೆಯೇ ಹೇಳಿದ ಕವಿಯು ಮತ್ತೆ ಅದನ್ನೇ ಏಕೆ ಹೇಳುವನೆಂದು ಕೇಳಿದ ವಿದ್ಯಾರ್ಥಿಯೊಬ್ಬನೂ ಇರಲಿಲ್ಲ. ಕೇಳಬೇಕಾದ ಮೇಷ್ಟರೂ ಕೇಳಿಕೊಳ್ಳಲಿಲ್ಲ.

ಕೇಳಿಸಿದುದು ಒಂದು ಗಂಟೆ. ನನ್ನ ಹುಟ್ಟೂರು ಅರಸೀಕೆರೆಯ ಸೀಮೆಯ ಒಂದು ಸಣ್ಣ ಹಳ್ಳಿ. ಅಲ್ಲಿಯ ಗುಡಿಗೆ ನಮ್ಮ ಮುತ್ತಜ್ಜನ ತಂಗಿಯು ಒಂದು ಕಂಚಿನ ಗಂಟೆಯನ್ನು ಮಾಡಿಸಿ ಕೊಟ್ಟಿದ್ದಳು. ಆಕೆ ಹನ್ನೊಂದನೆಯ ವಯಸ್ಸಿಗೆ ತಾಳಿ ಕಳೆದುಕೊಂಡು ತವರಿಗೆ ಮರಳಿದವಳು. ಬೆಣ್ಣೆ ಮಾರಿ ಕೂಡಿಸಿದ ದುಡ್ಡಿನಿಂದ ಗಂಟೆ ಮಾಡಿಸಿದಳೆಂದು ಮನೆಯಲ್ಲಿ ಹೇಳುತ್ತಿದ್ದರು. ಮಕ್ಕಳಿಲ್ಲದುದರಿಂದ ಆಕೆಯ ಹೆಸರಿನಿಂದ ತರ್ಪಣ ಕೊಡುವವರಿಲ್ಲ. ಯಾವ ದಾಖಲೆಯಲ್ಲಿಯೂ ಹೆಸರಿಲ್ಲ, ಪಟವಂತೂ ಇಲ್ಲವೇ ಇಲ್ಲ. ಗಂಟೆಯ ಕಂಠದ ಸುತ್ತ ಉಬ್ಬಿದ ಅಕ್ಷರಗಳಲ್ಲಿ ಎರಡು ಸಾಲು: ಒಂದರಲ್ಲಿ ದೇವರ ಹೆಸರು, ಊರ ಹೆಸರು, ಮತ್ತೊಂದರಲ್ಲಿ ಆಕೆಯ ಹೆಸರು. ಆಕೆ ಇದ್ದಳೆಂಬುದಕ್ಕೆ ಲೋಕದಲ್ಲಿ ಉಳಿದ ಸಾಕ್ಷಿಯು ಅಷ್ಟೇ.

ಕೆಲವು ವರ್ಷಗಳ ಕೆಳಗೆ ಆ ಗಂಟೆ ಸೀಳು ಬಿಟ್ಟಿತು. ಗಂಟೆಯ ಕಂಚು ತಾಮ್ರ ಸುಮಾರು ನಾಲ್ಕು ಪಾಲು, ತವರ ಒಂದು ಪಾಲು ಸೇರಿದ ಮಿಶ್ರಲೋಹ. ನಾದಕ್ಕೆ ಒಳ್ಳೆಯದು, ಪೆಟ್ಟಿಗೆ ಗಾಜಿನಂತೆ ಒಡೆಯುವುದು. ಬೆಸೆದರೆ ನಾದ ಕೆಡುವುದೆಂದು, ಕರಗಿಸಿ ಹೊಸದಾಗಿ ಎರೆಯಿಸುವುದೆಂದು ಊರಿನವರು ತೀರ್ಮಾನಿಸಿದರು. ಶಾಸನಗಳ ಹುಚ್ಚು ಇದ್ದ ನಾನು ಮೊದಲೇ ಒದ್ದೆಯ ಕಾಗದವನ್ನು ಒತ್ತಿ ಎರಡು ಸಾಲುಗಳ ಅಚ್ಚನ್ನು ತೆಗೆದಿಟ್ಟುಕೊಂಡೆನು. ಅದೊಂದೇ ನಾನು ಮಾಡಿದ ಬುದ್ಧಿವಂತಿಕೆ. ಪಟ್ಟಣದ ಒಂದು ಎರಕದ ಕಾರ್ಖಾನೆಗೆ ಗಂಟೆ ಹೋಯಿತು. ತಿಂಗಳಾದ ಮೇಲೆ ಹೊಸ ಗಂಟೆ ಬಂತು. ನಾದವೇನೋ ಚೆನ್ನಾಗಿತ್ತು. ಕಂಠದ ಸುತ್ತ ಅಕ್ಷರಗಳಿರಬೇಕಾದಲ್ಲಿ ಮರಳು ಕಚ್ಚಿ ಗಟ್ಟಿಯಾದ ಒಂದು ಒರಟು ಪಟ್ಟಿ ಇತ್ತು. ಸಾಣೆ ಹಿಡಿದರೆ ಮರಳಿನೊಡನೆ ಅಕ್ಷರವೂ ಹೋಗುವುದು. ದೇವರ ಹೆಸರನ್ನು ಅಂದಾಜಿನಿಂದ ಓದಬಹುದಾಗಿತ್ತು. ಮುದುಕಿಯ ಹೆಸರು ಪೂರ್ತಿ ಮುಳುಗಿತ್ತು. ಪೂಜಾರಿಗಳು, "ಹೋಗಲಿ ಬಿಡಿ ಮೇಷ್ಟ್ರೇ, ದೇವರಿಗೆ ಗೊತ್ತಿದೆ" ಎಂದರು. ನನಗೆ ಸಮಾಧಾನವಾಗಲಿಲ್ಲ.

ಇಲ್ಲಿ ಮರಳಿನ ಎರಕವನ್ನು ಕುರಿತು ಎರಡು ಮಾತು ಹೇಳದಿದ್ದರೆ ವಾಚಕರಿಗೆ ತೊಡಕಾಗುವುದು. ಸೋಮೇಶ್ವರನ ಕ್ರಮದಲ್ಲಿ ಮೇಣದ ಮೂರ್ತಿಯೂ ಅಚ್ಚೂ ಒಂದೇ ಬಾರಿಗೆ ಮುಗಿದುಹೋಗುತ್ತವೆ. ಒಂದೇ ಬಗೆಯ ವಸ್ತುಗಳನ್ನು ನೂರಾರು ಎರೆಯಬೇಕಾದವರಿಗೆ ಅದು ದುಬಾರಿ. ಅದಕ್ಕಾಗಿ ಮರದ ಅಥವಾ ಲೋಹದ ಮಾದರಿಯನ್ನು ಪೆಟ್ಟಿಗೆಯೊಳಗಿಟ್ಟು, ಸುತ್ತ ಜೇಡಿ ಬೆರೆತ ಮರಳನ್ನು ದಮ್ಮಸು ಮಾಡಿ, ಪೆಟ್ಟಿಗೆಯನ್ನು ಬಿಚ್ಚಿ ಮಾದರಿಯನ್ನು ಹೊರತೆಗೆದು, ಮತ್ತೆ ಕೂಡಿಸಿ, ಆ ಪೊಳ್ಳಿನೊಳಕ್ಕೆ ಲೋಹವನ್ನು ಹೊಯ್ಯುತ್ತಾರೆ. ಅಬ್ರಹಾಂ ಡಾರ್ಬಿಯೆಂಬವನು 1707ರಲ್ಲಿ ಇಂಗ್ಲೆಂಡಿನಲ್ಲಿ ಕಬ್ಬಿಣದ ಅಡುಗೆಪಾತ್ರೆಗಳನ್ನು ಮರಳಿನಲ್ಲಿ ಎರೆಯುವುದಕ್ಕೆ ಹಕ್ಕುಪತ್ರ ಪಡೆದುದು ಈ ವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ಸಂಗತಿ. ನಮ್ಮಲ್ಲಿಗೆ ಅದು ದೊಡ್ಡ ಪ್ರಮಾಣದಲ್ಲಿ ಬಂದುದು ರೈಲು, ಗಿರಣಿ, ನೀರಿನ ನಲ್ಲಿಗಳ ಜೊತೆಯಲ್ಲಿ. ಅರಸೀಕೆರೆಯಿಂದ ಬೀರೂರಿನ ಮೇಲೆ ರೈಲಿನಲ್ಲಿ ಹೋದರೆ ಸಿಕ್ಕುವ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸರಕಾರದ ಕಬ್ಬಿಣದ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಲು. ಅಲ್ಲಿ ನೀರಿನ ಕೊಳವೆಗಳನ್ನೂ ಎರೆಯುತ್ತಿದ್ದರು.

ಮರಳಿನ ಅಚ್ಚು ಕಣ್ಣಿಗೆ ನುಣುಪಾಗಿ ಕಂಡರೂ ಕಣಕ್ಕೂ ಕಣಕ್ಕೂ ನಡುವೆ ಸಂದುಗಳಿರುತ್ತವೆ. ಗಂಟೆಯ ಕಂಚು ಸುಮಾರು 1100 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನಂತೆ ಹರಿದು ಆ ಸಂದುಗಳಿಗೆ ಇಳಿಯುವುದು. ತಣ್ಣಗಾದ ಮೇಲೆ ಮರಳನ್ನು ಕಚ್ಚಿಕೊಂಡೇ ಹೊರಬರುವುದು. ಕಬ್ಬಿಣದ ವಿಷಯ ಇನ್ನೂ ಕಷ್ಟ. ಅದು 1300 ಡಿಗ್ರಿಗೂ ಮೀರಿದ ಕಾವಿನಲ್ಲಿ ಬರುವುದರಿಂದ ಮರಳಿನೊಡನೆ ಬೆರೆತು ಗಾಜಿನಂತಹ ಹಕ್ಕಳೆಯನ್ನು ಕಟ್ಟುವುದು, ಉಳಿಯಿಂದ ಹೊಡೆದರೂ ಬಿಡದು. ಆದುದರಿಂದ ಎರಕದವರು ಅಚ್ಚಿನ ಒಳಮುಖಕ್ಕೆ ಕರಗದ ನುಣ್ಣನೆಯ ಪುಡಿಯ ನೀರನ್ನು ಬಳಿಯುತ್ತಾರೆ. ಹಿಂದೆ ಅದು ಮರದ ಇದ್ದಲಿನ ಪುಡಿ. ಆಮೇಲೆ ಪೆನ್ಸಿಲಿನ ಕರಿಯಾದ ಗ್ರಾಫೈಟು. ಈಗಿನ ದೊಡ್ಡ ಕಾರ್ಖಾನೆಗಳಲ್ಲಿ, ಬೆಳಗಾವಿಯಂತಹ ಎರಕದ ಕೇಂದ್ರಗಳಲ್ಲಿ, ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಗಳ ಕಡಲಮರಳಿನಿಂದ ದೊರೆಯುವಂತಹ ಜಿರ್ಕಾನ್ ಎಂಬ ಖನಿಜದ ಪುಡಿಯೂ ಉಂಟು. ಪುಡಿ ತಳಕ್ಕೆ ಇಳಿಯದಂತೆ ಕೊಂಚ ಜೇಡಿ, ಗೋಡೆಗೆ ಹಿಡಿಯುವಂತೆ ಕಾಕಂಬಿ ಅಥವಾ ಗಂಜಿಯ ಅಂಟು. ನೀರಿನ ಬದಲು ಮದ್ಯಸಾರದಲ್ಲಿ ಕಲಸಿದರೆ ಬಳಿದೊಡನೆ ಬೆಂಕಿ ಹಚ್ಚಿ ಸುಟ್ಟು ಒಣಗಿಸಬಹುದು. ನೀರಿನದಾದರೆ ಕಾವು ಕೊಟ್ಟು ಒಣಗಿಸಲೇಬೇಕು. ತೇವ ಉಳಿದರೆ ಆವಿಯೆದ್ದು ಲೋಹದ ಮೈಯಲ್ಲಿ ಸಿಡುಬಿನ ಕಲೆಗಳಂತೆ ಗುಳಿಗಳು ಬೀಳುವುವು. ಲೇಪವಿಲ್ಲದಿರುವುದಕ್ಕಿಂತ ಹಸಿಯ ಲೇಪ ಕೆಟ್ಟದ್ದೆಂದು ಅನುಭವಿಗಳು ಹೇಳುತ್ತಾರೆ.

ಇದನ್ನೆಲ್ಲ ನಾನು ತಿಳಿದುಕೊಂಡುದು ಎರಡನೆಯ ಬಾರಿ ಗಂಟೆಯನ್ನು ಹೊತ್ತುಕೊಂಡು ಹೋದಾಗ. ಹಿತ್ತಾಳೆ ಕಂಚುಗಳ ಕೆಲಸಕ್ಕೆ ನಾಗಮಂಗಲ, ಶ್ರವಣಬೆಳಗೊಳಗಳು ಹಿಂದಿನಿಂದಲೂ ಹೆಸರಾದುವು. ಅಂತಹ ಕೆಲಸ ಉಳಿದಿರುವ ಒಂದೂರಿನಲ್ಲಿ ಎಪ್ಪತ್ತು ದಾಟಿದ ಆಚಾರ್ಯರೊಬ್ಬರು ಸಿಕ್ಕಿದರು. ಗಂಟೆಯ ಒರಟು ಪಟ್ಟಿಯ ಮೇಲೆ ಹೆಬ್ಬೆರಳನ್ನು ಆಡಿಸಿ, "ಇದಕ್ಕೆ ಬಳಿದೇ ಇಲ್ಲ" ಎಂದರು. ನಾನು ಕಾಗದದ ಅಚ್ಚನ್ನು ಮುಂದಿಟ್ಟೆನು. ಅವರು ಅದನ್ನು ನೋಡಿ ಅಕ್ಷರಗಳನ್ನು ಒಂದೊಂದಾಗಿ ತೆಳುವಾದ ತಗಡಿನಲ್ಲಿ ಕತ್ತರಿಸಿ, ಅರಗಿನಿಂದ ಮಾದರಿಯ ಕಂಠಕ್ಕೆ ಅಂಟಿಸಿದರು. ಮೂರು ದಿನದ ಕೆಲಸ. ನಾನು ಅಲ್ಲಿಯೇ ಛತ್ರದಲ್ಲಿ ಉಳಿದುಕೊಂಡೆನು.

ಮರಳು ಒತ್ತಿ ಮಾದರಿಯನ್ನು ತೆಗೆದ ಮೇಲೆ ಗೋಡೆಯಲ್ಲಿ ಅಕ್ಷರಗಳು ತಿರುಗುಮುರುಗಾಗಿ, ಹಳ್ಳವಾಗಿ ಕಾಣುತ್ತಿದ್ದುವು. ಆಚಾರ್ಯರು ಮಡಕೆಯಲ್ಲಿದ್ದ ಕಪ್ಪು ನೀರನ್ನು ಕದಡಿ, ಬೆರಳದ್ದಿ ಉಗುರಿನ ಮೇಲೆ ಇಳಿಬಿಟ್ಟು ನೋಡಿ, ಇನ್ನಷ್ಟು ನೀರು ಸೇರಿಸಿದರು. ಮತ್ತೆ ನೋಡಿದರು. ಮೆತ್ತನೆಯ ಕುಂಚದಿಂದ ಒಂದು ಸುತ್ತು ಬಳಿದು, ಅಕ್ಷರಗಳ ಹಳ್ಳದಲ್ಲಿ ನಿಂತ ನೀರನ್ನು ಕೋಳಿಯ ಗರಿಯ ತುದಿಯಿಂದ ಹೀರಿ ತೆಗೆದರು. ಒಂದೊಂದು ಅಕ್ಷರಕ್ಕೂ ಗರಿಯನ್ನು ಒರಸಿಕೊಳ್ಳುತ್ತಿದ್ದರು. ಇಷ್ಟು ನಾಜೂಕು ಏಕೆ, ಗಟ್ಟಿಯಾಗಿ ಬಳಿದರೆ ಇನ್ನೂ ಚೆನ್ನಾಗಿ ಕಾಯುವುದಲ್ಲವೇ ಎಂದು ನಾನು ಕೇಳಿದೆನು.

"ಬಳಿದ ಮೇಲೂ ಒಳಗಿನ ಮರಳು ಕಾಣ್ತಿರಬೇಕು ಮೇಷ್ಟ್ರೇ" ಎಂದರು. "ಕಾಣದಂಗೆ ಬಳಿದ್ರೆ ಅಕ್ಷರ ತುಂಬ್ಕೊಂಡು ಹೋಯ್ತದೆ. ಬಳೀದೇ ಇದ್ರೆ ಮರಳು ಕಚ್ತದೆ. ಮೊದಲ್ನೇದು ಕಾಣ್ಬೇಕು, ಅಷ್ಟೇ."

ನಾನು ಸ್ವಲ್ಪ ಹೊತ್ತು ಮಾತನಾಡದೆ ಕುಳಿತೆನು. ಸ್ವಚ್ಛ! ತಿಳಿನೀರಿಗೆ, ಸ್ಫಟಿಕಕ್ಕೆ ಸಂಸ್ಕೃತದ ಕವಿಗಳು ಹೇಳುವ ಮಾತು. ಒಳಗಿರುವುದು ಕಾಣುವಂತಹುದು ಎಂದರ್ಥ. ಚೊಕ್ಕಟವೆಂಬ ಅರ್ಥವು ಅದರ ನೆರಳಿನಲ್ಲಿ ಬಂದುದು. ಮೇಣದ ಮೂರ್ತಿಯ ಹಳದಿ ಬಣ್ಣವು ಮಣ್ಣಿನೊಳಗಿನಿಂದ ಕಾಣುವಷ್ಟು ತೆಳುವಾಗಿ ಮೊದಲ ಲೇಪವಿರಬೇಕೆಂದು ಅರಸನು ಹೇಳಿದ್ದನು. ಅದು ಕಣ್ಣಿನ ರೆಪ್ಪೆಯನ್ನೂ ಬೆರಳಿನ ಗೆರೆಯನ್ನೂ ಹಿಡಿಯುವ ಲೇಪ. ದಪ್ಪವಾದರೆ ಒಣಗುವಾಗ ಬಿರಿಯುವುದು, ಮೂಲೆಗಳಲ್ಲಿ ಗಾಳಿಯ ಗುಳ್ಳೆ ಉಳಿಯುವುದು. ಬಲಕ್ಕೆ ಬೇಕಾದ ದಪ್ಪವನ್ನು ಮೂರನೆಯ ಲೇಪ ಕೊಡುವುದು. ಮೇಣದ ಎರಕದಲ್ಲಿ ಲೇಪವು ಮೂರ್ತಿಯಿಂದ ಹೊರಕ್ಕೆ ಬೆಳೆಯುತ್ತದೆ, ಮರಳಿನ ಎರಕದಲ್ಲಿ ಗೋಡೆಯಿಂದ ಒಳಕ್ಕೆ. ಎರಡರಲ್ಲಿಯೂ ಲೋಹದ ಮುಖವನ್ನು ನೋಡುವ ಪದರ ಒಂದೇ. ನಾನು ಮೂವತ್ತು ವರ್ಷ ದಾಟಿಹೋಗುತ್ತಿದ್ದ ಮಾತನ್ನು ಆ ಮುದುಕರು ಗರಿಯ ತುದಿಯಲ್ಲಿ ಹಿಡಿದು ತೋರಿಸಿದ್ದರು.

ಆಚಾರ್ಯರಿಗೆ ಶ್ಲೋಕಗಳ ಅರ್ಥವನ್ನು ಹೇಳಿದೆನು. ಸುಟ್ಟ ಹೊಟ್ಟು ಎಂದೊಡನೆ ತಲೆದೂಗಿದರು. ತಮ್ಮ ತಂದೆಯ ಕಾಲದಲ್ಲಿ ಭತ್ತದ ಹೊಟ್ಟನ್ನು ಕರಿ ಮಾಡಿ ಅರೆಯುತ್ತಿದ್ದುದುಂಟಂತೆ. ಇದರ ಹಿಂದಿನ ಕಾರಣವನ್ನು ಇಂದಿನ ರಸಾಯನಶಾಸ್ತ್ರವು ಚೆನ್ನಾಗಿ ತಿಳಿಸುವುದು. ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ಎಂಬತ್ತೈದರ ಮೇಲೆ ಸಿಲಿಕವಿದೆ, ಎಂದರೆ ಮರಳಿನದೇ ಸಾರ, ಆದರೆ ಮರಳಿಗಿಂತ ಬಹು ಸಣ್ಣ ಕಣಗಳಲ್ಲಿ. ಅರ್ಧ ಸುಟ್ಟ ಹೊಟ್ಟಿನಲ್ಲಿ ಅದರೊಡನೆ ಇದ್ದಲೂ ಉಳಿದಿರುವುದು. ಕರಗಿದ ಲೋಹವು ಇದ್ದಲಿನ ಮೈಗೆ ಅಂಟುವುದಿಲ್ಲ. ಗ್ರಾಫೈಟಿನ ಕೆಲಸವನ್ನೂ ಜಿರ್ಕಾನಿನ ಕೆಲಸವನ್ನೂ ಒಂದೇ ಹೊಟ್ಟಿನಿಂದ ಮಾಡಿಸಿಕೊಂಡಂತಾಯಿತು. ಹತ್ತಿಯ ಎಳೆಗಳು ಒಣಗುವ ಮಣ್ಣನ್ನು ಬಿರಿಯದಂತೆ ಹಿಡಿದು, ಕಾವಿನಲ್ಲಿ ತಾವು ಉರಿದುಹೋಗಿ, ಗಾಳಿ ಹೊರಡುವುದಕ್ಕೆ ಸಣ್ಣ ದಾರಿಗಳನ್ನು ಬಿಡುತ್ತವೆ. ಸುಮಾರು ಇದೇ ಕಾಲದಲ್ಲಿ ಜರ್ಮನಿಯ ಕಡೆಯ ಥಿಯೋಫಿಲಸನೆಂಬ ಸಂನ್ಯಾಸಿಯೂ ಲ್ಯಾಟಿನ್ ಭಾಷೆಯಲ್ಲಿ ಗಂಟೆಯನ್ನು ಎರೆಯುವ ಕ್ರಮವನ್ನು ಬರೆದನು. ಒಬ್ಬನು ಮಠದಲ್ಲಿ, ಒಬ್ಬನು ಅರಮನೆಯಲ್ಲಿ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದವರಲ್ಲ.

ಆಚಾರ್ಯರು ಹೇಳಿದ ಮತ್ತೊಂದು ಮಾತು ನನಗೆ ಹೆಚ್ಚಿನ ಸಂತೋಷವನ್ನು ಕೊಟ್ಟಿತು. ಹಿತ್ತಾಳೆಯ ಸಣ್ಣ ಕೆಲಸಕ್ಕೆ ಅವರ ಮನೆಯಲ್ಲಿ ಬಳಪದ ಕಲ್ಲಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಅಚ್ಚಿನ ಮೇಲೆ ಉದುರಿಸುತ್ತಿದ್ದರಂತೆ. ಬಳಪದ ಕಲ್ಲು ಕಾವಿಗೆ ಸಿಡಿಯದು, ಬೆರಳಿಗೆ ಎಣ್ಣೆ ಸವರಿದಂತೆ ಜಾರುವುದು. ಇಂದಿಗೂ ಲೋಕದ ಎರಕದವರು ಅಚ್ಚಿನ ಲೇಪಕ್ಕೆ ಬಳಸುವ ಪುಡಿಗಳಲ್ಲಿ ಅದು ಒಂದು. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಬಳೆಯ ಗೀರನ್ನೂ ಸರದ ಮಣಿಯನ್ನೂ ಬಿಡಿಸಿದುದು ಇದೇ ಜಾತಿಯ ಮೆದುವಾದ ಕಲ್ಲಿನಲ್ಲಿ. ಚಾವಣನ ಉಳಿಯಿಂದ ಉದುರಿದ ಪುಡಿಯಂತಹುದೇ ಕಂಚುಗಾರನ ಅಚ್ಚನ್ನು ಕಾಯುವುದಕ್ಕೂ ಒದಗಿತೆಂದರೆ, ಕಲ್ಲಿನವರೂ ಲೋಹದವರೂ ನಾನು ತಿಳಿದಷ್ಟು ದೂರದವರಲ್ಲ.

ಲೇಪ ಎರಡು ಸುತ್ತು ಆಯಿತು. ರಾತ್ರಿಯೆಲ್ಲ ಅಚ್ಚಿನ ಪೊಳ್ಳಿನಲ್ಲಿ ಕೆಂಡದ ತಟ್ಟೆಯನ್ನಿಟ್ಟು ಒಣಗಿಸಿದರು. ಬೆಳಗ್ಗೆ ಕೈಯ ಹಿಂಬದಿಯನ್ನು ಹತ್ತಿರ ಹಿಡಿದು, ಒಣಗಿತೆಂದು ಖಚಿತವಾದ ಮೇಲೆ ಪೆಟ್ಟಿಗೆಯನ್ನು ಮುಚ್ಚಿದರು. ಮೂಸೆಯನ್ನು ಎತ್ತುವ ಮುನ್ನ ಅವರ ಮೊಮ್ಮಗನು ಉರಿಯುವ ಹುಲ್ಲಿನ ಸುರುಳಿಯನ್ನು ಅಚ್ಚಿನ ಬಾಯಿಯ ಬಳಿ ಹಿಡಿದನು. ಲೋಹವಿಳಿದಂತೆ ಸಂದುಗಳಿಂದ ಹೊರಟ ಹೊಗೆಯು ನೀಲಿಯಾಗಿ ಹೊತ್ತಿಕೊಂಡಿತು. ಒಳಗಿನ ಅನಿಲವು ಕೂಡಿ ಸಿಡಿಯದೆ ಉರಿದುಹೋಗುವುದಕ್ಕೆ ಹೀಗೆ ಮಾಡುವರು. ಸೋಮೇಶ್ವರನ ಉರಿಯುವ ಬತ್ತಿಯನ್ನು ನಾನು ಪೂಜೆಯ ಅಂಗವೆಂದು ವಿವರಿಸುತ್ತಿದ್ದುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮರುದಿನ ಪೆಟ್ಟಿಗೆ ಬಿಚ್ಚಿದರು. ಮರಳು ತಾನಾಗಿ ಕಳಚಿ ಬಿತ್ತು. ತಂತಿಯ ಕುಂಚದಿಂದ ಕಂಠವನ್ನು ಉಜ್ಜಿದಾಗ ಮೊದಲ ಸಾಲಿನ ಅಕ್ಷರಗಳು ಹೊರಬಂದುವು. ಆಮೇಲೆ ಎರಡನೆಯ ಸಾಲು. ಮುದುಕಿಯ ಹೆಸರಿನ ಕೊನೆಯ ಅಕ್ಷರದ ಒತ್ತಿನಲ್ಲಿ ಮಾತ್ರ ಎಳ್ಳಿನಷ್ಟು ಮರಳು ಮೊದಲೇ ಉದುರಿದ್ದುದರಿಂದ ಸುಳಿಯು ಲೋಹದಿಂದ ಮುಚ್ಚಿಹೋಗಿತ್ತು. ಹೆಚ್ಚಾದುದನ್ನು ಚಾಣದಿಂದ ತೆಗೆಯಬೇಕೆಂದು ಅರಸನೂ ಹೇಳಿರುವನು. ಆಚಾರ್ಯರು ಕನ್ನಡಕವನ್ನು ಏರಿಸಿಕೊಂಡು, ಸಣ್ಣ ಚಾಣವನ್ನು ಹಿಡಿದು ನಾಲ್ಕೈದು ಪೆಟ್ಟು ಕೊಟ್ಟು, ಬಾಯಿಂದ ಊದಿ, ಗಂಟೆಯನ್ನು ನನ್ನ ಕಡೆಗೆ ತಿರುಗಿಸಿದರು.

"ಓದಿ ನೋಡಿ ಮೇಷ್ಟ್ರೇ, ಸರಿಯಾಯ್ತಾ" ಎಂದರು. ನಾನು ಆಕೆಯ ಹೆಸರನ್ನು ಗಟ್ಟಿಯಾಗಿ ಓದಿದೆನು.